ಮಧ್ಯಾಹ್ನದ ಮೇಲೆ ತಪ್ಪುತ್ತಿದ್ದ ಕಾರ್ಡುಗಳು

೨೦೦೪ರಲ್ಲಿ ನಾನು ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ಸೀನಿಯರ್ ಪ್ರೋಗ್ರಾಮರ್ ಆಗಿದ್ದೆ. ಕಂಪನಿಯಲ್ಲಿದ್ದ ಪ್ರೋಗ್ರಾಮರುಗಳೇ ಮೂರು ಜನ. ಉಳಿದಿಬ್ಬರು ಆ ವರ್ಷವಷ್ಟೇ ಕಾಲೇಜು ಮುಗಿಸಿ ಬಂದವರು. ನನ್ನ ಸೀನಿಯರ್‌ಗಿರಿ ಅಷ್ಟರದ್ದು. ನನ್ನೂರು ಮುಧೋಳವಾದ್ದರಿಂದ ಆ ಕಡೆಯ ಕೆಲಸ ಯಾವುದೇ ಬರಲಿ, ಕಂಪನಿಯ ಯಜಮಾನರಾದ ಸಾಹೇಬರು ನನ್ನ ಕೈಗೇ ಬ್ಯಾಗು ಕೊಟ್ಟು ಲೋಕಾಪುರದ ಬಸ್ಸು ಹತ್ತಿಸುತ್ತಿದ್ದರು. ನಾನು ಈಗ ಹೇಳಹೊರಟಿರುವುದು ರಬಕವಿ-ಬನಹಟ್ಟಿಯ ಒಂದು ಸೀರೆ ಕಾರ್ಖಾನೆಯಲ್ಲಿ ನಡೆದ ಸಂಗತಿ. ಆಗ ಬೇರೆಯವರ ಮೇಲೆ ಬಂದಿದ್ದ ಸಿಟ್ಟು ಯಾವಾಗಲೋ ಇಳಿದುಹೋಗಿದೆ. ನನ್ನ ಮೇಲೆ ಹುಟ್ಟಿದ ಹೇಸಿಗೆ ಮಾತ್ರ ಇನ್ನೂ ಹೋಗಿಲ್ಲ.

ಮೊದಲು ಕೆಲಸ ಏನೆಂದು ಹೇಳಬೇಕು. ಸೀರೆಯ ದಡಿಯಲ್ಲೂ ಸೆರಗಿನಲ್ಲೂ ಕಾಣುವ ಹೂವು, ಬಳ್ಳಿ, ನವಿಲುಗಳನ್ನು ಮಗ್ಗಕ್ಕೆ ತಿಳಿಸುವುದು ರಟ್ಟಿನ ಕಾರ್ಡುಗಳು. ಹೊಕ್ಕಿನ, ಅಂದರೆ ಅಡ್ಡ ಹಾಯುವ ನೂಲಿನ, ಒಂದು ಎಳೆಗೆ ಒಂದು ಕಾರ್ಡು. ಕಾರ್ಡಿನಲ್ಲಿ ತೂತು ಇದ್ದ ಕಡೆ ಹಾಸಿನ ಉದ್ದನೆಯ ಎಳೆ ಮೇಲೇಳುತ್ತದೆ, ಇಲ್ಲದ ಕಡೆ ಕೆಳಗೇ ಉಳಿಯುತ್ತದೆ. ಇಂಥ ಮುನ್ನೂರು ಕಾರ್ಡುಗಳನ್ನು ಸಾಲಾಗಿ ಹೊಲಿದರೆ ಒಂದು ಸಾಧಾರಣ ದಡಿಯ ಡಿಸೈನು ಆಗುತ್ತದೆ. ನಾವು ಕೆಲಸ ಮಾಡಿದ ಕಾರ್ಖಾನೆಯಲ್ಲಿ ಈ ತೂತುಗಳನ್ನೆಲ್ಲ ಬಸಪ್ಪ ಕಾಕಾ ಎಂಬುವರು ಗ್ರಾಫ್ ಕಾಗದ ಮುಂದಿಟ್ಟುಕೊಂಡು ಕೈಯಿಂದಲೇ ಹೊಡೆಯುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಮಾಲೀಕರು ಕಂಪ್ಯೂಟರ್ ತರಿಸುವ ಮನಸ್ಸು ಮಾಡಿದರು.

ನಮ್ಮ ಸಾಫ್ಟ್‌ವೇರಿನ ಕೆಲಸ ಇಷ್ಟು: ಪರದೆಯ ಮೇಲೆ ಚಿತ್ರ ಬಿಡಿಸುವುದು, ಅದನ್ನು ಕಾರ್ಡುಗಳಾಗಿ ಒಡೆಯುವುದು, ಪಂಚಿಂಗ್ ಯಂತ್ರಕ್ಕೆ ತೂತು ಹೊಡೆಯಲು ಹೇಳುವುದು. ಯಂತ್ರ ಸ್ಥಳೀಯವಾಗಿ ಕಟ್ಟಿಸಿದ್ದು, ಸರಳವಾದದ್ದು. ಕಾರ್ಡಿಗೆ ಮೂವತ್ತು ಸಾಲು, ಸಾಲಿಗೆ ಎಂಟು ತೂತಿನ ಜಾಗ. ಒಂದು ಮೋಟಾರು ಕಾರ್ಡನ್ನು ಒಂದೇ ವೇಗದಲ್ಲಿ ಎಳೆಯುತ್ತ ಹೋಗುತ್ತದೆ, ಸೆಕೆಂಡಿಗೆ ಐದು ಸಾಲು. ಆಯಾ ಸಾಲು ಮೊಳೆಗಳ ಕೆಳಗೆ ಬರುವ ಹೊತ್ತಿಗೆ ಸರಿಯಾಗಿ ಕಂಪ್ಯೂಟರ್ ಹೊಡೆ ಎನ್ನಬೇಕು. ಕಾರ್ಡು ಒಮ್ಮೆ ಒಳಗೆ ಹೋಯಿತೆಂದರೆ ಮೋಟಾರು ಯಾರಿಗೂ ಕಾಯುವುದಿಲ್ಲ.

ಈ ಸಾಫ್ಟ್‌ವೇರನ್ನು ನಾನು ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದೆ. ಲಿಸ್ಪ್ ನಡೆಸುವ ಎಂಜಿನ್ನನ್ನೂ, ಅಂದರೆ ರನ್‌ಟೈಮ್ ಎನ್ನುವುದನ್ನೂ, ಎಂಟು ತಿಂಗಳು ಕೂತು ನಾನೇ ಬರೆದಿದ್ದೆ. ಆ ಜಂಬ ಎಷ್ಟಿತ್ತೆಂದರೆ, ಮದುವೆ ಮನೆಯಲ್ಲಿ ಪರಿಚಯ ಆದವರಿಗೂ ಅದನ್ನು ಹೇಳಿ ಬೇಸರ ಬರಿಸುತ್ತಿದ್ದೆ. ಲಿಸ್ಪಿನಲ್ಲಿ ಎಲ್ಲವೂ ಎರಡೆರಡು ಖಾನೆಯ ಸಣ್ಣ ಡಬ್ಬಿಗಳು. ಒಂದು ಖಾನೆಯಲ್ಲಿ ಒಂದು ಮಾಹಿತಿ, ಇನ್ನೊಂದರಲ್ಲಿ ಮುಂದಿನ ಡಬ್ಬಿಯ ವಿಳಾಸ. ಪ್ರೋಗ್ರಾಂ ನಡೆಯುತ್ತಿರುವಷ್ಟು ಹೊತ್ತೂ ಹೊಸ ಡಬ್ಬಿ ಕೇಳುತ್ತಲೇ ಇರುತ್ತದೆ, ಕೆಲಸ ಮುಗಿದದ್ದನ್ನು ಅಲ್ಲೇ ಬಿಟ್ಟು ಮುಂದೆ ಹೋಗುತ್ತದೆ. ಮೆಮೊರಿಯಲ್ಲಿ ಜಾಗ ತೀರಿದಾಗ ಯಾರಾದರೂ ಬಂದು ಗುಡಿಸಬೇಕು. ಆ ಗುಡಿಸುವ ಭಾಗವೇ ಗಾರ್ಬೇಜ್ ಕಲೆಕ್ಟರ್. ಅದು ಪ್ರೋಗ್ರಾಂ ಕೈಯಲ್ಲಿ ಹಿಡಿದುಕೊಂಡಿರುವ ಕೆಲವು ಹೆಸರುಗಳಿಂದ ಹೊರಟು, ಒಂದರಿಂದ ಒಂದಕ್ಕೆ ಕೊಂಡಿ ಹಿಡಿದು ಹೋಗಿ, ಮುಟ್ಟಿದ ಪ್ರತಿ ಡಬ್ಬಿಗೂ ಗುರುತು ಹಾಕುತ್ತದೆ. ಗುರುತು ಬೀಳದ್ದು ಕಸ. ಅದನ್ನು ಮತ್ತೆ ಬಳಕೆಗೆ ಬಿಡುತ್ತದೆ. ಇದು ನಡೆಯುವಾಗ ಪ್ರೋಗ್ರಾಮಿನ ಉಳಿದೆಲ್ಲ ಕೆಲಸ ನಿಂತಿರುತ್ತದೆ. ಓದುಗರು ಒಂದು ಮಾತು ನೆನಪಿಟ್ಟುಕೊಂಡರೆ ಸಾಕು: ಗುರುತು ಹಾಕಬೇಕಾದ ಡಬ್ಬಿಗಳು ಹೆಚ್ಚಾದಷ್ಟೂ ನಿಲ್ಲುವ ಹೊತ್ತು ಹೆಚ್ಚುತ್ತದೆ.

ಹುಬ್ಬಳ್ಳಿಯ ಆಫೀಸಿನಲ್ಲಿ ನಾನು ಅಳೆದಾಗ ಈ ನಿಲುಗಡೆ ಇಪ್ಪತ್ತು ಮಿಲಿಸೆಕೆಂಡ್ ಇತ್ತು, ಅಂದರೆ ಎರಡು ಸಾಲುಗಳ ನಡುವಿನ ಸಮಯದ ಹತ್ತನೇ ಒಂದು ಪಾಲು. ಚಿಂತೆ ಮಾಡುವಂಥದ್ದಲ್ಲ ಎಂದುಕೊಂಡೆ. ಅಳೆಯುವಾಗ ಒಂದೇ ಡಿಸೈನು ತೆರೆದಿದ್ದೆ, ಹತ್ತು ಕಾರ್ಡು ಹೊಡೆಸಿದ್ದೆ, ಆಮೇಲೆ ಎಲ್ಲರೂ ಚಹಾ ಕುಡಿಯಲು ಹೋಗಿದ್ದೆವು. ನಮ್ಮಲ್ಲಿ ಟೆಸ್ಟಿಂಗ್ ಎಂದು ಕರೆಯುತ್ತಿದ್ದುದು ಇದನ್ನೇ.

ಕಾರ್ಖಾನೆಯ ಮಾಲೀಕರು ಮಲ್ಲಪ್ಪ ಸಾವಕಾರರು. ಸಾಫ್ಟ್‌ವೇರ್ ಹೇಗಿರಬೇಕು ಎಂದು ಕೇಳಲು ಹೋದಾಗ ಅವರು ನನ್ನನ್ನು ಗಾದಿಯ ಮೇಲೆ ಕೂರಿಸಿಕೊಂಡು, ತಾಟು ತುಂಬ ಚೂಡಾ ಇಡಿಸಿ, ತಮ್ಮ ಮನೆತನದ ದೊಡ್ಡಸ್ತಿಕೆ ಹೇಳಿದರು. "ನಮ್ಮಲ್ಲಿ ಒಂದ ಸಲ ಮಾಡಿದ ಡಿಸೈನ್ ಎಂದೂ ಒಗ್ಯಾಂಗಿಲ್ರಿ ಸರ. ಅಜ್ಜನ ಕಾಲದ್ದೂ ಅದಾವ. ಕೇಳಿದ ಕೂಡ್ಲೆ ಕಣ್ಣ ಮುಂದ ಬರಬೇಕು," ಎಂದರು. ನಾನು ಅದನ್ನು ಅಕ್ಷರಶಃ ಬರೆದುಕೊಂಡೆ. ಪ್ರೋಗ್ರಾಮಿನಲ್ಲಿ ಒಂದು ಪಟ್ಟಿ ಮಾಡಿದೆ. ತೆರೆದ ಪ್ರತಿ ಡಿಸೈನೂ ಪೂರ್ತಿಯಾಗಿ ಅದಕ್ಕೆ ಹೋಗಿ ಸೇರುತ್ತಿತ್ತು. ಬೇಕೆಂದಾಗ ಹೆಸರು ಒತ್ತಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಗೆ ಬರುತ್ತಿತ್ತು. ಸಾಹೇಬರಿಗೆ ಇದು ಎಷ್ಟು ಹಿಡಿಸಿತೆಂದರೆ ಕಂಪನಿಯ ಹ್ಯಾಂಡ್‌ಬಿಲ್ಲಿನಲ್ಲಿ ಮೊದಲ ಸಾಲೇ ಅದಾಯಿತು. ಆ ಪಟ್ಟಿಯಿಂದ ಡಿಸೈನು ಹೊರಗೆ ಹೋಗುವ ದಾರಿಯನ್ನು ಮಾತ್ರ ನಾನು ಬರೆದಿರಲಿಲ್ಲ.

ಯಂತ್ರದ ಮುಂದೆ ಕೂರಿಸಿದ್ದು ಮಹಾದೇವಿಯನ್ನು. ಅಲ್ಲಿಯದೇ ನೇಕಾರ ಮನೆತನದ ಹುಡುಗಿ, ಇಪ್ಪತ್ತನಾಲ್ಕರ ವಯಸ್ಸು. ಪಿಯುಸಿ ಮುಗಿಸಿ, ದಿನಾ ಬಸ್ಸಿನಲ್ಲಿ ಜಮಖಂಡಿಗೆ ಹೋಗಿಬಂದು ಕಂಪ್ಯೂಟರ್ ಕಲಿತವಳು. ನಾನು ಮೂರು ದಿನದಲ್ಲಿ ಹೇಳಿಕೊಡಬೇಕೆಂದಿದ್ದನ್ನು ಒಂದೂವರೆ ದಿನದಲ್ಲಿ ಕಲಿತಳು. ಉಳಿದ ಹೊತ್ತಿನಲ್ಲಿ, ಬಳ್ಳಿ ಬಿಡಿಸುವ ನನ್ನ ಮೆನುವಿನಲ್ಲಿದ್ದ ಎರಡು ತಪ್ಪು ತೋರಿಸಿದಳು. ಅವಳ ಮನೆಯಲ್ಲಿ ಎಲ್ಲರೂ ಮಗ್ಗದ ಮೇಲೆಯೋ ಕಂಡಕಿ ಸುತ್ತುವ ಚರಕದ ಮುಂದೆಯೋ ಕೂತವರು. ಕಂಡಕಿ ಎಂದರೆ ಲಾಳಿಯೊಳಗೆ ಇಡುವ ನೂಲಿನ ಸಣ್ಣ ಕೊಳವೆ. ಕುರ್ಚಿಯ ಮೇಲೆ ಕೂತು ಕೆಲಸ ಮಾಡುವ ಮೊದಲನೆಯವಳು ಅವಳು.

ಮೊದಲ ಎರಡು ತಿಂಗಳು ಎಲ್ಲ ಸರಿ ಇತ್ತು. ಮದುವೆಯ ಹಂಗಾಮು ಹತ್ತಿರ ಬಂದು ದಿನಕ್ಕೆ ಹತ್ತಾರು ಡಿಸೈನು ತೆಗೆದು ನೋಡುವುದು, ತಿದ್ದುವುದು ಶುರುವಾಯಿತು. ಆಗ ದೂರು ಬಂತು. ಕಾರ್ಡುಗಳು ತಪ್ಪುತ್ತಿವೆ, ನವಿಲಿನ ಕುತ್ತಿಗೆಗೆ ಅಡ್ಡ ಗೀರು ಬೀಳುತ್ತಿದೆ, ಹನ್ನೊಂದು ಸೀರೆ ಕೆಟ್ಟಿವೆ ಎಂದು ಸಾವಕಾರರು ಫೋನಿನಲ್ಲಿ ಕೂಗಾಡಿದರು. ಸಾಹೇಬರು ನನ್ನನ್ನು ಕಳಿಸಿದರು. ಹೊರಡುವಾಗ, ನಮ್ಮ ಸಾಫ್ಟ್‌ವೇರಿನ ಮೇಲೆ ಏನೂ ಬರದಂತೆ ನೋಡಿಕೊ ಎಂದರು.

ನಾನು ಬೆಳಿಗ್ಗೆ ಹತ್ತಕ್ಕೆ ಬನಹಟ್ಟಿ ತಲುಪಿದೆ. ಮೊದಲು ಮಾಡಿದ್ದು ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದ್ದು. ನಮ್ಮ ಕಸುಬಿನವರಿಗೆ ಅದು ಚಪ್ಪಲಿ ಬಿಟ್ಟು ಒಳಗೆ ಬಂದಷ್ಟೇ ಸಹಜ. ಆಮೇಲೆ ಒಂದೂವರೆ ಗಂಟೆ ಕಾರ್ಡು ಹೊಡೆಸಿದೆ. ಒಂದೂ ತಪ್ಪಲಿಲ್ಲ. ಪಕ್ಕದಲ್ಲಿ ನಿಂತಿದ್ದ ಮಹಾದೇವಿ ಮೆಲ್ಲಗೆ ಹೇಳಿದಳು: "ಮುಂಜಾನಿ ಬರೋಬರಿ ಇರತೈತ್ರಿ ಸರ. ಮೂರರ ಮ್ಯಾಲೆ ತಪ್ಪತೈತಿ. ಅಲ್ಲೀತನಕ ಕುಂದರ್ರಿ."

ಒಂದೂವರೆಗೆ ನನ್ನ ಬಸ್ಸಿತ್ತು. ಮುಧೋಳದ ಮನೆಯಲ್ಲಿ ಊಟಕ್ಕೆ ಬರುತ್ತೇನೆಂದು ಹೇಳಿದ್ದೆ. ಅವಳಿಗೆ ನಾನು ಏನು ಹೇಳಿದೆ ಎಂಬುದನ್ನು ಬರೆಯಲು ಈಗಲೂ ಕೈ ಹಿಂಜರಿಯುತ್ತದೆ. ಊಟದ ಮೇಲೆ ಕಣ್ಣು ಎಳೆಯುತ್ತವೆ, ಜೋಪಾನವಾಗಿರಬೇಕು ಎಂದೆ. ನಗುತ್ತಲೇ ಹೇಳಿದೆ. ಅವಳು ನಗಲಿಲ್ಲ.

ಆಮೇಲೆ ಸರ್ವಿಸ್ ರಿಪೋರ್ಟಿನ ಪುಸ್ತಕ ತೆಗೆದು, ಕಾರ್ಬನ್ ಇಟ್ಟು, ಹನ್ನೆರಡು ನಿಮಿಷದಲ್ಲಿ ವರದಿ ಬರೆದೆ. ಸಾಫ್ಟ್‌ವೇರಿನಲ್ಲಿ ಯಾವ ದೋಷವೂ ಇಲ್ಲ; ಊಟದ ನಂತರದ ವೇಳೆಯಲ್ಲಿ ಆಪರೇಟರ್ ಮಹಾದೇವಿ ಇವರ ಗಮನಲೋಪದಿಂದ ಕಾರ್ಡುಗಳು ಕೆಟ್ಟಿವೆ. ಅವಳ ಹೆಸರಿನ ಕೆಳಗೆ ಗೀಟು ಎಳೆದೆ. ಮಧ್ಯಾಹ್ನ ಮಾತ್ರ ತಪ್ಪುತ್ತದೆ ಎಂಬುದನ್ನು ಅವಳ ಬಾಯಿಂದಲೇ ಕೇಳಿ, ಅದನ್ನೇ ಅವಳ ಕೊರಳಿಗೆ ಕಟ್ಟಿದ್ದೆ. ಹೀಗೆ ಮಾಡುವಾಗ ನನಗೆ ಏನೂ ಅನ್ನಿಸಿರಲಿಲ್ಲ ಎಂಬುದೇ ಈಗ ಹೆಚ್ಚು ಅಸಹ್ಯ ಹುಟ್ಟಿಸುತ್ತದೆ. ಬಸ್ಸಿನಲ್ಲಿ ಸುಖವಾಗಿ ನಿದ್ದೆ ಬಂತು.

ಮುಂದೆ ನಡೆದದ್ದು ನನಗೆ ತಡವಾಗಿ ತಿಳಿಯಿತು. ಸಾವಕಾರರು ಪವರ್‌ಲೂಮ್ ನಿಲ್ಲಿಸಿ, ನೇಕಾರರನ್ನೆಲ್ಲ ಸೇರಿಸಿ, ಆ ವರದಿಯನ್ನು ಗಟ್ಟಿಯಾಗಿ ಓದಿದ್ದರು. ಕಂಪ್ಯೂಟರಿನ ಮುಂದೆ ಕೂರುವ ಕುರ್ಚಿಯ ಹಿಂದಿನ ಗೋಡೆಗೆ ಅದನ್ನು ಅಂಟಿಸಿದ್ದರು. ಮಹಾದೇವಿಯನ್ನು ಕುರ್ಚಿಯಿಂದ ಎಬ್ಬಿಸಿ ಕಂಡಕಿ ಸುತ್ತಲು ಕಳಿಸಿದ್ದರು. ಬನಹಟ್ಟಿಯಲ್ಲಿ ಇಂಥ ಮಾತು ಒಂದು ಕಾರ್ಖಾನೆಯೊಳಗೆ ಉಳಿಯುವುದಿಲ್ಲ. ಕಾರ್ಡು ಕೆಡಿಸಿದವಳು ಎಂದು ಒಮ್ಮೆ ಹೆಸರು ಬಿದ್ದರೆ ಇನ್ಯಾರೂ ಅವಳನ್ನು ಯಂತ್ರದ ಮುಂದೆ ಕೂರಿಸುವುದಿಲ್ಲ. ಅವಳು ಕಲಿತದ್ದೆಲ್ಲ ಅಲ್ಲಿಗೆ ಮುಗಿಯಿತು.

ಮೂರು ವಾರ ಕಳೆದು ಮತ್ತೆ ಫೋನ್ ಬಂತು. ಈಗ ಕುರ್ಚಿಯ ಮೇಲೆ ಇದ್ದವನು ಸಾವಕಾರರ ಮೈದುನ. ಕಾರ್ಡುಗಳು ಮೊದಲಿನಂತೆಯೇ, ಮಧ್ಯಾಹ್ನವೇ ತಪ್ಪುತ್ತಿದ್ದವು. ಆದರೆ ಈ ಸಲ ಕೂಗಾಟ ಇರಲಿಲ್ಲ. "ಮೂರರ ಮ್ಯಾಲೆ ವೋಲ್ಟೇಜ್ ಬೀಳತೈತ್ರಿ ಸರ. ಪಾಪ, ಅವ ಏನ ಮಾಡ್ಯಾನು?" ಎಂದು ಸಾವಕಾರರೇ ಕಾರಣವನ್ನೂ ಹೇಳಿದರು. ಅದೇ ತಪ್ಪು ಹುಡುಗಿ ಕೂತಾಗ ಗಮನಲೋಪ, ಮೈದುನ ಕೂತಾಗ ವೋಲ್ಟೇಜ್. ಫೋನು ಇಟ್ಟೆ. ಅವರನ್ನು ಬೈದುಕೊಳ್ಳುವ ಮೊದಲೇ ವರದಿ ಬರೆದವನು ಯಾರು ಎಂಬುದು ನೆನಪಾಯಿತು. ಸಾಹೇಬರು ಒಂದು ಸ್ಟೆಬಿಲೈಜರ್ ಕೊಟ್ಟು ಕಳಿಸಿದರು.

ಬೆಳಿಗ್ಗೆ ಅವರು ಕಂಪ್ಯೂಟರ್ ಹಚ್ಚುವ ಮೊದಲೇ ಹೋಗಿ ಸ್ಟೆಬಿಲೈಜರ್ ಹಾಕಿದೆ. ಈ ಸಲ ಕಂಪ್ಯೂಟರನ್ನು ಆರಿಸಲಿಲ್ಲ, ಬಸ್ಸನ್ನೂ ನೆನೆಯಲಿಲ್ಲ. ನನ್ನ ತಲೆಯ ಹಿಂದಿನ ಗೋಡೆಯಲ್ಲಿ ನನ್ನ ಅಕ್ಷರವೇ ಅಂಟಿಕೊಂಡಿತ್ತು. ಮೂರೂಕಾಲಕ್ಕೆ ಮೊದಲ ಕಾರ್ಡು ತಪ್ಪಿತು. ನಾಲ್ಕರ ಹೊತ್ತಿಗೆ ಐದು ತಪ್ಪಿದವು. ಸ್ಟೆಬಿಲೈಜರಿನ ಮುಳ್ಳು ಅಲುಗಾಡದೆ ನಿಂತಿತ್ತು.

ಆಗ ಒಳಗಿನ ಖೋಲಿಯಿಂದ ಬಸಪ್ಪ ಕಾಕಾ ಬಂದರು. ತೂತು ಹೊಡೆಯುವುದು ನಿಂತ ಮೇಲೆ ಅವರು ಕಾರ್ಡುಗಳ ಖೋಲಿ ನೋಡಿಕೊಂಡಿದ್ದರು. ಅವರ ಕೈಯಲ್ಲಿ ರಟ್ಟಿನ ಒಂದು ಕಟ್ಟು ಇತ್ತು. ಮೊದಲ ದಿನದಿಂದ ಕೆಟ್ಟ ಕಾರ್ಡುಗಳನ್ನೆಲ್ಲ ಅವರು ತೆಗೆದಿಟ್ಟಿದ್ದರು. ಮಹಾದೇವಿ ಕೂತಾಗಿನವು, ಮೈದುನ ಕೂತಾಗಿನವು ಎರಡನ್ನೂ ನೆಲದ ಮೇಲೆ ಹಾಸಿ, ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದಲೇ ತೂತುಗಳನ್ನು ಸವರುತ್ತ ತೋರಿಸಿದರು.

"ಕೈ ತಪ್ಪಿದ್ರ ಒಂದ ತೂತು ತಪ್ಪತೈತಿ, ತಮ್ಮಾ. ಇಲ್ಲಿ ನೋಡು. ಇಲ್ಲೀತನಕ ಬರೋಬರಿ ಐತಿ, ಮುಂದಿನ್ವೆಲ್ಲಾ ಎರಡೆರಡ ಸಾಲ ಸರದಾವ. ಹೊಡಿಯಾವ ನಡಕ ನಿಂತಾನ. ಕಾರ್ಡ್ ನಿಂತಿಲ್ಲ."

ಎರಡು ಸಾಲು ಎಂದರೆ ನಾಲ್ಕು ನೂರು ಮಿಲಿಸೆಕೆಂಡ್. ಕಾರ್ಡು ಓಡುತ್ತಿರುವಾಗ ಕಂಪ್ಯೂಟರ್ ಅಷ್ಟು ಹೊತ್ತು ಸುಮ್ಮನೆ ನಿಂತಿದೆ. ಹೀಗೆ ನಿಲ್ಲುವ ಭಾಗ ನನ್ನ ಪ್ರೋಗ್ರಾಮಿನಲ್ಲಿ ಒಂದೇ ಒಂದು ಇತ್ತು, ಅದನ್ನು ಬರೆದವನು ನಾನು. ಮೊದಲೇ ಯಾಕೆ ಹೇಳಲಿಲ್ಲ ಎಂದು ಕಾಕಾನನ್ನು ಕೇಳಿದೆ.

"ಕೇಳಿದವರ್ಯಾರು?" ಎಂದರು.

ಗುಡಿಸುವ ಕೆಲಸ ಶುರುವಾದಾಗ ಒಮ್ಮೆ, ಮುಗಿದಾಗ ಒಮ್ಮೆ ಸಮಯ ತೋರಿಸುವಂತೆ ಪ್ರೋಗ್ರಾಮಿಗೆ ಎರಡು ಸಾಲು ಸೇರಿಸಿದೆ. ಇದಕ್ಕೆ ಪ್ರೋಗ್ರಾಂ ಹೊಸದಾಗಿ ಶುರು ಮಾಡಬೇಕಾಯಿತು, ಹಾಗಾಗಿ ಅಂದು ಮುಧೋಳದಲ್ಲಿ ಉಳಿದು ಮರುದಿನ ಬೆಳಿಗ್ಗೆಯಿಂದ ಮತ್ತೆ ಕೂತೆ. ಒಂಬತ್ತೂವರೆಗೆ ಇಪ್ಪತ್ತೆರಡು ಮಿಲಿಸೆಕೆಂಡ್. ಹನ್ನೊಂದಕ್ಕೆ ತೊಂಬತ್ತು. ಒಂದಕ್ಕೆ ನೂರಾ ಎಪ್ಪತ್ತು. ಮೂರು ದಾಟಿದ ಮೇಲೆ ನಾಲ್ಕು ನೂರಾ ಮೂವತ್ತು. ತೆರೆದ ಪ್ರತಿ ಡಿಸೈನೂ ನನ್ನ ಪಟ್ಟಿಯಲ್ಲಿ ಕೂತಿತ್ತು, ಪಟ್ಟಿ ಹಿಡಿದುಕೊಂಡಿದ್ದರಿಂದ ಗುಡಿಸುವವನು ಅದನ್ನು ಮುಟ್ಟುವಂತಿರಲಿಲ್ಲ. ಲಕ್ಷಾಂತರ ಡಬ್ಬಿಗಳಿಗೆ ಗುರುತು ಹಾಕಿ ಹಾಕಿ, ಕೊನೆಗೆ ಅವನಿಗೆ ಸಿಗುತ್ತಿದ್ದ ಕಸ ಒಂದು ಹಿಡಿ. ಜಾಗ ಸಾಲದೆ ಮತ್ತೆ ಮತ್ತೆ ಗುಡಿಸಲು ಬರಬೇಕಾಗುತ್ತಿತ್ತು. ಸಂಜೆ ಕಂಪ್ಯೂಟರ್ ಆರಿಸಿದರೆ ಎಲ್ಲ ಅಳಿದುಹೋಗಿ ಮರುದಿನ ಬೆಳಿಗ್ಗೆ ಹೊಸದಾಗಿ ಶುರುವಾಗುತ್ತಿತ್ತು. ಮೊದಲ ಸಲ ಬಂದಾಗ ನಾನು ಆರಿಸಿ ಹಚ್ಚಿದ್ದರಿಂದ ಸಾಕ್ಷಿಯನ್ನು ನಾನೇ ತೊಳೆದುಹಾಕಿದ್ದೆ.

ಆದರೂ ಮನಸ್ಸು ಜಾರಿಕೊಳ್ಳುವ ದಾರಿ ಹುಡುಕಿತು. ಯಾವುದನ್ನೂ ಒಗೆಯಬಾರದು ಎಂದು ಹೇಳಿದವರು ಇವರೇ ಅಲ್ಲವೆ ಎಂದುಕೊಂಡೆ. ಕಾಕಾನ ಖೋಲಿಗೆ ಹೋದೆ. ಅಡ್ಡ ಕಟ್ಟಿದ ಬಿದಿರಿನ ಗಳುವಿಗೆ ಸಾಲಾಗಿ ಕಾರ್ಡಿನ ಸರಗಳು ತೂಗುತ್ತಿದ್ದವು, ಒಂದೊಂದಕ್ಕೂ ಬಣ್ಣಬಣ್ಣದ ನೂಲಿನ ತುಂಡುಗಳನ್ನು ಕಟ್ಟಿತ್ತು. ಮೂಲೆಯಲ್ಲಿ ಕೆಲವು ಸರಗಳನ್ನು ಬಿಚ್ಚಿ, ರಟ್ಟನ್ನು ಕತ್ತರಿಸಿ, ಸೀರೆಯ ಮಡಿಕೆಯೊಳಗೆ ಇಡಲು ಪೇರಿಸಿಟ್ಟಿದ್ದರು. ಒಂದೂ ಒಗೆಯುವುದಿಲ್ಲ ಎಂದು ಸಾವಕಾರರು ಹೇಳಿದ್ದರಲ್ಲ ಎಂದು ಕೇಳಿದೆ. ಸಾವಕಾರರು ಆ ಖೋಲಿಗೆ ಕಾಲಿಟ್ಟು ಎಂಟು ವರ್ಷವಾಯಿತು ಎಂದರು ಕಾಕಾ. ಆಮೇಲೆ ತಮ್ಮ ಪದ್ಧತಿ ಹೇಳಿದರು. ಒಂದು ಮಗ್ಗದವನು ಆ ಡಿಸೈನು ಹಿಡಿದರೆ ಆ ಮಗ್ಗದ ಬಣ್ಣದ ಒಂದು ದಾರ. ಸೀರೆ ಕೊಯ್ದು ಇಳಿಸಿದ ದಿನ ಆ ದಾರ ಬಿಚ್ಚುವುದು. ಮೂಲ ಗ್ರಾಫ್ ಕಾಗದ ಹೇಗೂ ಪೆಟ್ಟಿಗೆಯಲ್ಲಿ ಇರುತ್ತದೆ, ಬೇಕಾದರೆ ಮತ್ತೆ ಹೊಡೆದರಾಯಿತು.

"ದಾರ ಇರೂತನಕ ಅದು ಡಿಸೈನು. ದಾರ ಹೋತಂದ್ರ ಬರೇ ರಟ್ಟು," ಎಂದರು.

ಪುಸ್ತಕಗಳಲ್ಲಿ ಅಧ್ಯಾಯಗಟ್ಟಲೆ ಓದಿ ನಾನು ಬರೆದಿದ್ದ ವಿದ್ಯೆ ಅಲ್ಲಿ ಗಳುವಿಗೆ ನೇತಾಡುತ್ತಿತ್ತು. ನನಗಿಂತ ಚೆನ್ನಾಗಿ ನಡೆಯುತ್ತಿತ್ತು ಕೂಡ, ಏಕೆಂದರೆ ಕಾಕಾ ದಾರ ಕಟ್ಟಿದ ಮೇಲೆ ಬಿಚ್ಚುತ್ತಿದ್ದರು. ನಾನು ಎಲ್ಲದಕ್ಕೂ ಒಂದೊಂದು ದಾರ ಕಟ್ಟಿ ಮನೆಗೆ ಹೋಗಿದ್ದೆ. ಕೆಲಸ ಮಾಡುವವರಿದ್ದ ಖೋಲಿ ಗಾದಿಯಿಂದ ಮೂವತ್ತು ಹೆಜ್ಜೆ ದೂರವಿತ್ತು. ನಾನು ಅಷ್ಟು ದೂರವೂ ನಡೆದಿರಲಿಲ್ಲ.

ತಿದ್ದುವುದು ದೊಡ್ಡ ಕೆಲಸವಾಗಲಿಲ್ಲ. ಡಿಸೈನಿಗೆ ಮಗ್ಗದ ನಂಬರು ಸೇರಿಸಿದೆ. ಯಾವ ಮಗ್ಗದ ನಂಬರೂ ಇಲ್ಲದ ಡಿಸೈನು ಮುಚ್ಚಿದ ಕೂಡಲೇ ಪಟ್ಟಿಯಿಂದ ಹೊರಗೆ. ಡಿಸ್ಕಿನಲ್ಲಿ ಅದು ಹೇಗೂ ಭದ್ರವಾಗಿರುತ್ತದೆ. ಗುಡಿಸುವ ಕೆಲಸವನ್ನು ಎರಡು ಕಾರ್ಡುಗಳ ನಡುವೆಯೇ ಮಾಡಬೇಕು, ಕಾರ್ಡು ಓಡುತ್ತಿರುವಾಗ ಶುರು ಮಾಡಬಾರದು ಎಂದು ಇನ್ನೊಂದು ಕಟ್ಟುಪಾಡು ಹಾಕಿದೆ. ಮೂರನೆಯ ದಿನ ಬೆಳಗಿನಿಂದ ಸಂಜೆ ಐದರ ತನಕ ಹೊಡೆಸಿದ ಕಾರ್ಡುಗಳನ್ನು ಕಾಕಾ ಒಂದೊಂದಾಗಿ ಸವರಿ ನೋಡಿದರು. ಒಂದೂ ತಪ್ಪಿರಲಿಲ್ಲ.

ನಾಲ್ಕನೆಯ ದಿನ ಸಾವಕಾರರ ಮುಂದೆ ಕೂತು ತಪ್ಪು ನನ್ನದು, ಮಹಾದೇವಿಯದಲ್ಲ ಎಂದು ಹೇಳಿದೆ. ಅವರು ಅಡಿಕೆ ಅಗಿಯುತ್ತ ಕೇಳಿಸಿಕೊಂಡರು. "ಮಷಿನ್ ಸರಿ ಆತಲ್ರಿ, ಸಾಕು. ಅಕಿ ಅಲ್ಲಿ ಕಂಡಕಿ ಸುತ್ತಕೋತ ಆರಾಮ ಅದಾಳ," ಎಂದು ಪೀಕದಾನಿಯನ್ನು ಹತ್ತಿರ ಎಳೆದುಕೊಂಡರು. ಮೈದುನನನ್ನು ಎಬ್ಬಿಸಿದರೆ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ ಎಂಬುದೂ ಆಮೇಲೆ ಹೊರಬಿತ್ತು. ಅವರ ಮೇಜಿನ ಫೋನಿನಿಂದಲೇ ಸಾಹೇಬರಿಗೆ ಹೇಳಿದೆ. ಅವರಿಗೆ ನನಗಿಂತ ಬೇಗ ಉಪಾಯ ಹೊಳೆಯಿತು. ವರದಿ ಬದಲಿಸಬೇಡ, ನಮ್ಮ ತಪ್ಪು ಎಂದು ಕೈಯಾರೆ ಬರೆದುಕೊಟ್ಟರೆ ನಾಳೆ ಎಲ್ಲ ಗಿರಾಕಿಗಳೂ ಶುರು ಮಾಡುತ್ತಾರೆ, ಹೊಸ ಪ್ರೋಗ್ರಾಂ ಹಾಕಿ ಅಪ್‌ಗ್ರೇಡ್ ಎಂದು ಹೇಳಿ ಬಾ ಎಂದರು. ಮಾತು ಬೆಣ್ಣೆಯಷ್ಟು ಮೆತ್ತಗಿತ್ತು. ಮೂರು ವಾರದ ಹಿಂದೆ ಈ ಮಾತು ನನಗೆ ಜಾಣತನವಾಗಿ ಕೇಳಿಸುತ್ತಿತ್ತು.

ಪರೀಕ್ಷೆಗೆ ಹಾಕಿದ್ದ ಹೊಸ ಪ್ರೋಗ್ರಾಮನ್ನು ಅಳಿಸಿ ಹಳೆಯದನ್ನೇ ಹಾಕಿದೆ. ಹೊಸದಿದ್ದ ಸಿಡಿಯನ್ನು ಬ್ಯಾಗಿಗೆ ಸೇರಿಸಿದೆ. ಸಾವಕಾರರಿಗೆ ಹೇಳಿದೆ: "ಮಹಾದೇವಿ ಬಂದು ಆ ಕುರ್ಚಿ ಮ್ಯಾಲೆ ಕುಂತ ಮ್ಯಾಲೆ ಹಾಕತೇನ್ರಿ. ಅಲ್ಲೀತನಕ ಮೂರರ ಮ್ಯಾಲೆ ವೋಲ್ಟೇಜ್ ಬೀಳತಿರಲಿ." ಇದನ್ನು ಧೈರ್ಯ ಎಂದು ಯಾರೂ ತಿಳಿಯಬಾರದು. ಗೋಡೆಯ ಮೇಲಿನ ಆ ಹಾಳೆಯನ್ನು ನಾಲ್ಕು ದಿನ ಬೆನ್ನಿಗಿಟ್ಟುಕೊಂಡು ಕೂತು ನನಗೆ ನನ್ನ ಮೈಯೇ ಬೇಡವೆನ್ನಿಸಿತ್ತು. ಸಾವಕಾರರು ಗುರುಗುಟ್ಟಿದರು, ಹುಬ್ಬಳ್ಳಿಗೆ ಎರಡು ಸಲ ಫೋನು ಹಚ್ಚಿದರು. ಕೊನೆಗೆ ಮದುವೆಯ ಸೀರೆಗಳ ಗಡುವು ನನ್ನ ಮಾತಿಗಿಂತ ಜೋರಾಯಿತು. ಮಹಾದೇವಿಯನ್ನು ಕರೆಸಿದರು.

ಅವಳು ಕೂದಲಿಗೆ ಅಂಟಿದ ನೂಲಿನ ಜುಂಗು ಕೊಡವುತ್ತ ಬಂದಳು. ಸಾವಕಾರರು, ಬಾರವ್ವಾ ಕುಂದರು ಎಂದರು, ಏನೂ ಆಗಿಯೇ ಇಲ್ಲವೆಂಬ ದನಿಯಲ್ಲಿ. ಅವಳು ಕೂರಲಿಲ್ಲ. ನಡೆದದ್ದನ್ನು ನಾನು ಹೇಳಿದೆ. ಗುಡಿಸುವುದು, ಪಟ್ಟಿ, ದಾರ ಎಲ್ಲವನ್ನೂ ವಿವರಿಸಿದೆ. ಅವಳು ಅರ್ಥವಾಯಿತೆಂಬಂತೆ ತಲೆಯಾಡಿಸಿ, ಗೋಡೆಯ ಕಡೆ ನೋಡಿದಳು. ನಾನು ಎದ್ದು ಆ ಹಾಳೆ ಕಿತ್ತೆ. ರಿಪೋರ್ಟಿನ ಪುಸ್ತಕ ತೆಗೆದು ಹೊಸ ವರದಿ ಬರೆದು ಅವಳ ಕೈಗೆ ಕೊಟ್ಟೆ. ಅವಳು ಎರಡನ್ನೂ ಪಕ್ಕಪಕ್ಕ ಹಿಡಿದು ಓದಿದಳು.

"ನನ್ನ ಹೆಸರು ಮಗ್ಗದ ಕಡಿಂದಾನೂ ಕಾಣುವಂಗ ಬರದಿದ್ರಿ, ಸರ. ನಿಮ್ಮ ಹೆಸರು ಹತ್ರ ಹಿಡದ್ರೂ ಕಾಣವಲ್ದು."

ತೆಗೆದುಕೊಂಡು ನೋಡಿದೆ. ಹಳೆಯ ವರದಿಯಲ್ಲಿ ಅವಳ ಹೆಸರು ಬೆರಳುದ್ದ ಇತ್ತು, ಕೆಳಗೆ ಗೀಟು. ಹೊಸದರಲ್ಲಿ, ಸಾಫ್ಟ್‌ವೇರಿನಲ್ಲಿ ಕಂಡುಬಂದ ಒಂದು ಸಣ್ಣ ದೋಷವನ್ನು ಸರಿಪಡಿಸಲಾಗಿದೆ ಎಂದು ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿದ್ದೆ. ಅದು ಯಾರ ದೋಷ ಎಂದು ಎಲ್ಲೂ ಇರಲಿಲ್ಲ. ನಾಲ್ಕು ದಿನ ಕೂತು ತಪ್ಪು ಹುಡುಕಿ, ಕೆಲಸ ಹೋದರೂ ಹೋಗಲಿ ಎಂದು ಹಟ ಹಿಡಿದವನ ಕೈ, ಪೆನ್ನು ಹಿಡಿದ ಕೂಡಲೇ ತನ್ನ ಹಳೆಯ ಬುದ್ಧಿ ತೋರಿಸಿತ್ತು.

ಮೂರನೆಯ ಹಾಳೆ ತೆಗೆದೆ. ಮಹಾದೇವಿಯ ತಪ್ಪಿಲ್ಲ, ಕಾರ್ಡು ಕೆಟ್ಟದ್ದು ನಾನು ಬರೆದ ಪ್ರೋಗ್ರಾಮಿನಿಂದ, ನೋಡದೆ ಅವಳ ಮೇಲೆ ಹೊರಿಸಿದವನೂ ನಾನೇ ಎಂದು ದಪ್ಪ ಅಕ್ಷರದಲ್ಲಿ ಬರೆದು, ನನ್ನ ಪೂರ್ತಿ ಹೆಸರು ಹಾಕಿ, ಕೆಳಗೆ ಗೀಟು ಎಳೆದೆ. ಮಗ್ಗ ನಿಲ್ಲಿಸಿ ಓದಬೇಕು ಎಂದಳು ಅವಳು. ಸಾವಕಾರರು ಓದಲು ಒಪ್ಪಲಿಲ್ಲ. ನಾನೇ ನಿಂತು ಓದಿದೆ. ನೇಕಾರರು ಕೇಳಿಸಿಕೊಂಡರು, ಮತ್ತೆ ಮಗ್ಗ ಹಚ್ಚಿದರು. ಆಗ ಅವಳು ಹೋಗಿ ಕುರ್ಚಿಯ ಮೇಲೆ ಕೂತಳು. ನಾನು ಹೊಸ ಪ್ರೋಗ್ರಾಂ ಹಾಕಿದೆ.

ಆ ಕಂಪನಿಯಲ್ಲಿ ನಾನು ಮತ್ತೆ ಎರಡು ತಿಂಗಳು ಇದ್ದೆ. ಸಾಹೇಬರು ಬಿಡು ಎನ್ನಲಿಲ್ಲ, ಇರು ಎಂದೂ ಹೇಳಲಿಲ್ಲ. ಆಮೇಲೆ ಬೇರೆ ಕಡೆ ಹದಿನಾರು ವರ್ಷ ಇದೇ ಕೆಲಸ ಮಾಡಿ ನಿವೃತ್ತನಾದೆ. ಕಿರಿಯರು ಬಂದು, ಬಳಸುವವರಿಗೆ ಸರಿಯಾಗಿ ಬಳಸಲು ಬರುವುದಿಲ್ಲ ಸರ್ ಎಂದಾಗಲೆಲ್ಲ ನಾನು ವಾದ ಮಾಡಲಿಲ್ಲ. ಹಾಗಾದರೆ ಅವರ ಹೆಸರು ಬರೆದು, ಪಕ್ಕದಲ್ಲಿ ಅಷ್ಟೇ ದೊಡ್ಡ ಅಕ್ಷರದಲ್ಲಿ ನಿನ್ನ ಹೆಸರನ್ನೂ ಬರೆದು ತಾ ಎನ್ನುತ್ತಿದ್ದೆ. ಹದಿನಾರು ವರ್ಷದಲ್ಲಿ ಬರೆದು ತಂದವರು ಒಬ್ಬರೂ ಇಲ್ಲ. ಎಲ್ಲರೂ ಹೋಗಿ ಪ್ರೋಗ್ರಾಮನ್ನು ಇನ್ನೊಮ್ಮೆ ನೋಡಿದರು.